ಹೆಸರು ಹಾಕಿಸಿದ ವಸ್ತು ಮತ್ತು ಗಿರಾಕಿಯ ತಕರಾರು

ಭಾಂಡೆಯ ಅಂಗಡಿಯಲ್ಲಿ ಸಾಲಾಗಿ ಇಟ್ಟ ಹಿತ್ತಾಳೆಯ ಕೊಡಗಳನ್ನು ವಿದ್ಯಾರ್ಥಿಗಳೆಲ್ಲರೂ ನೋಡಿದ್ದಾರೆ. ಅವುಗಳಲ್ಲಿ ಒಂದನ್ನು ಕೊಂಡ ಗಿರಾಕಿಯು ಮನೆಗೆ ಹೋಗಿ, ತಳದಲ್ಲಿ ತೂತು ಕಂಡು, ಅದನ್ನು ಮರಳಿ ತಂದನೆನ್ನೋಣ. ಅಂಗಡಿಕಾರನು ಬೇರೊಂದು ಕೊಡವನ್ನು ಕೊಟ್ಟು, ತೂತಿನ ಕೊಡವನ್ನು ತಯಾರಿಸಿದವನಿಗೆ ಹಿಂದಿರುಗಿಸುವನು; ಐದು ನಿಮಿಷಗಳಲ್ಲಿ ವ್ಯವಹಾರ ಮುಗಿಯಿತು. ಆದರೆ ಅದೇ ಕೊಡದ ಮೇಲೆ ಮದುಮಗಳ ಹೆಸರನ್ನೂ, ತವರೂರನ್ನೂ, ಲಗ್ನದ ತಾರೀಖನ್ನೂ ಕೊರೆಸಿದ ಮೇಲೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ? ಆ ಕೊಡವು ಜಗತ್ತಿನಲ್ಲಿ ಒಬ್ಬಳಿಗೇ ಸಲ್ಲತಕ್ಕದ್ದಾಗಿತ್ತು. ಈಗ ಅವಳಿಗೂ ಸಲ್ಲದಾಯಿತು.

ಸಿದ್ಧವಸ್ತುವಿನ ವ್ಯಾಪಾರಕ್ಕೂ ಹೇಳಿ ಮಾಡಿಸಿದ ವಸ್ತುವಿನ ವ್ಯಾಪಾರಕ್ಕೂ ಇರುವ ಮುಖ್ಯ ಭೇದವು ಇದೇ. ಮೊದಲನೆಯದರಲ್ಲಿ ಬೇಡವಾದ ವಸ್ತುವಿಗೆ ಇನ್ನೊಬ್ಬ ಗಿರಾಕಿಯು ಸಿಕ್ಕಾನು, ಎರಡನೆಯದರಲ್ಲಿ ಸಿಕ್ಕಲಾರನು. ಆದ್ದರಿಂದ ಹಾನಿಯನ್ನು ಇಬ್ಬರಲ್ಲಿ ಯಾರಾದರೊಬ್ಬರು ಹೊರಲೇಬೇಕಾಗುವದು. ಯಾರು ಹೊರಬೇಕೆಂಬಲ್ಲಿಯೇ ತಕರಾರು ಹುಟ್ಟುವದು. ಲಗ್ನಪತ್ರಿಕೆ, ರಬ್ಬರ್ ಶಿಕ್ಕೆ, ಮನೆಯ ನಾಮಫಲಕ, ಹೆಸರು ನೇಯ್ದ ಟಾವೆಲ್, ಅಳತೆ ಕೊಟ್ಟು ಹೊಲಿಸಿದ ಝಂಪರು, ಅಕ್ಷರ ಕೂಡಿಸಿದ ಉಂಗುರ, ಇವೆಲ್ಲ ಈ ವರ್ಗದವು. ನಮ್ಮ ಶಾಲೆಯಿಂದ ಹೊರಬಿದ್ದ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಉದ್ಯೋಗಗಳಲ್ಲಿಯೇ ಇರುವರು. ಪಾಲಕರಂತೂ ಒಂದಿಲ್ಲೊಂದು ದಿನ ಗಿರಾಕಿಗಳೇ. ಗಣಿತದ ಪುಸ್ತಕದಲ್ಲಿ ಬರುವ ಲಾಭ-ಹಾನಿಯ ಲೆಕ್ಕಗಳಲ್ಲಿ ಈ ಬಗೆಯ ಹಾನಿಯು ಕಾಣಸಿಗುವದಿಲ್ಲವಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿಚಾರಿಸುವೆವು.

ತಪ್ಪಾದ ವಸ್ತುವಿನಲ್ಲಿ ಉಳಿಯುವ ಬೆಲೆ ಎಷ್ಟು ಎಂಬದನ್ನು ಮೊದಲು ನೋಡಬೇಕು. ಹಿತ್ತಾಳೆಯ ಕೊಡದಲ್ಲಿ ಹಿತ್ತಾಳೆಯ ತೂಕವು ಹಾಗೆಯೇ ಇರುವದು. ಮೋಡಕಿಗೆ ಹಾಕಿದರೂ ಬೆಲೆಯ ಒಂದು ಭಾಗವು ಬರುವದು. ಬಂಗಾರದ ಉಂಗುರವನ್ನು ಕರಗಿಸಿದರೆ ಬಂಗಾರವು ಉಳಿಯುವದು, ಪತ್ತಾರನ ಕೈಗೆಲಸ ಮಾತ್ರ ಹೋಗುವದು. ಲಗ್ನಪತ್ರಿಕೆಯಲ್ಲಿ ಏನು ಉಳಿಯುವದು? ರದ್ದಿ ಕಾಗದ. ಹೊಲಿದ ಝಂಪರಿನಲ್ಲಿ ಬಟ್ಟೆಯು ಗಿರಾಕಿಯದೇ ಇರುವದರಿಂದ, ಕತ್ತರಿಯು ತಪ್ಪಿದರೆ ಶಿಂಪಿಗನು ಕೂಲಿಯನ್ನು ಬಿಟ್ಟರೂ ಸೀರೆಯೊಡನೆ ಬಂದಿದ್ದ ಆ ತುಂಡು ಮರಳಿ ಬಾರದು. ವಸ್ತುವಿನಲ್ಲಿ ಉಳಿಯುವ ಬೆಲೆ ಕಡಿಮೆಯಾದಷ್ಟೂ ಜಗಳದ ಧ್ವನಿಯು ಏರುವದು. ಸರಾಫನ ಅಂಗಡಿಗಿಂತ ಛಾಪಖಾನೆಯಲ್ಲಿ ಹೆಚ್ಚು ಕೂಗಾಟ ಕೇಳಿಬರುವದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುವದು.

ಇನ್ನು ತಪ್ಪುಗಳು ಹುಟ್ಟುವದು ಎಲ್ಲಿ? ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಭಾಗಗಳಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ನಡೆಯುತ್ತವೆ. ಹೆಸರು ಕನ್ನಡದ್ದು, ಅದನ್ನು ಬರೆದುಕೊಳ್ಳುವವನ ಲಿಪಿ ದೇವನಾಗರಿ, ಗಣಕಯಂತ್ರದ ಮೇಲೆ ಬೆರಳಾಡಿಸುವವನ ಅಭ್ಯಾಸ ಇಂಗ್ಲಿಷಿನದು. ಒಂದು ಹೆಸರು ಈ ಮೂರು ಬಾಗಿಲುಗಳನ್ನು ದಾಟಿ ಬರುವಾಗ ಏನಾಗುವದೆಂಬದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಎ ಮತ್ತು ಹ್ರಸ್ವ ಒ ಕಾರಗಳಿಗೆ ಬೇರೆ ಚಿಹ್ನೆಗಳಿಲ್ಲ. ಆದ್ದರಿಂದ 'ಚೆನ್ನಮ್ಮ'ನನ್ನು ದೇವನಾಗರಿಯಲ್ಲಿ ಬರೆದು, ಆ ಚೀಟಿಯನ್ನು ನೋಡಿ ತಿರುಗಿ ಕನ್ನಡಕ್ಕೆ ತಂದರೆ ಅವಳು 'ಚೇನ್ನಮ್ಮಾ' ಆಗುವಳು. 'ಹೊನ್ನಪ್ಪ'ನು 'ಹೋನ್ನಪ್ಪಾ' ಆಗುವನು. ಬರೆದವನೂ ತಪ್ಪಲಿಲ್ಲ, ಓದಿದವನೂ ತಪ್ಪಲಿಲ್ಲ. ಲಿಪಿಯಲ್ಲಿ ಇಲ್ಲದ ಭೇದವು ದಾರಿಯಲ್ಲಿ ಬಿದ್ದುಹೋಯಿತು.

ಇಂಗ್ಲಿಷಿನ ಬಾಗಿಲು ಇನ್ನೂ ಕಿರಿದು. ಕೆ, ಎ, ಎಲ್, ಎ ಎಂಬ ನಾಲ್ಕು ಅಕ್ಷರಗಳನ್ನು ವಾಟ್ಸಾಪಿನಲ್ಲಿ ಕಳಿಸಿದರೆ, ಕೈಗೆ ಸಿಕ್ಕವನು ಅದನ್ನು ಕಲಾ ಎಂದು ಓದಬಹುದು, ಕಾಳ ಎಂದೂ ಓದಬಹುದು, ಕಳ ಎಂದೂ ಓದಬಹುದು. ಲಕಾರ-ಳಕಾರಗಳಿಗೆ ಅಲ್ಲಿ ಭೇದವಿಲ್ಲ, ಹ್ರಸ್ವ-ದೀರ್ಘಗಳಿಗೆ ಭೇದವಿಲ್ಲ, ತ-ಟಗಳಿಗೂ ಸರಿಯಾದ ಭೇದವಿಲ್ಲ. ಅಲ್ಪಪ್ರಾಣ-ಮಹಾಪ್ರಾಣಗಳ ವಿಷಯದಲ್ಲಿ ನಮ್ಮವರ ಉಚ್ಚಾರವೇ ಸಡಿಲವಾಗಿರುವದರಿಂದ ಫೋನಿನ ಮೇಲೆ ಹೇಳಿದ 'ಧನಲಕ್ಷ್ಮಿ'ಯು 'ದನಲಕ್ಷ್ಮಿ'ಯಾಗಿ ಅಚ್ಚಾದರೆ ಆಶ್ಚರ್ಯಪಡಬೇಕಾಗಿಲ್ಲ. ಧನವು ಸಂಪತ್ತು, ದನವು ಹಟ್ಟಿಯಲ್ಲಿರುವಂಥದು. ಹಿಂದಿನ ಕಾಲದಲ್ಲಿ ದನವೇ ಸಂಪತ್ತಾಗಿತ್ತೆಂದು ಛಾಪಖಾನೆಯವರು ವಾದಿಸಬಹುದಾದರೂ ಮದುಮಗಳ ತಂದೆಯು ಅದನ್ನು ಒಪ್ಪಲಾರನು.

ಇದಲ್ಲದೆ ಯಂತ್ರದಿಂದಲೇ ಬರುವ ತಪ್ಪುಗಳೂ ಉಂಟು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಜೋಡಣೆಯಲ್ಲಿ ಸಿದ್ಧಪಡಿಸಿದ ಬರಹವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುವದು. ಇದು ಯಾರಿಗೂ ಕಣ್ಣಿಗೆ ಬೀಳುವದರಿಂದ ಅಪಾಯ ಕಡಿಮೆ. ಹೆಚ್ಚು ಅಪಾಯದ್ದು ಯಾವದೆಂದರೆ, ಚಿತ್ರ ಬಿಡಿಸುವ ಕೆಲವು ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡವನ್ನು ಅಂಟಿಸಿದಾಗ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ನಿಲ್ಲುವದು, ಅರ್ಕಾವೊತ್ತು ಸ್ಥಾನ ತಪ್ಪುವದು. ಕನ್ನಡ ಓದಬಲ್ಲವನಿಗೆ ಅದು ಕೂಡಲೇ ತಿಳಿಯುವದು. ಓದಲರಿಯದ ಕೆಲಸಗಾರನಿಗೆ ಎಲ್ಲವೂ ಸುಂದರವಾಗಿಯೇ ಕಾಣುವದು. ಆತನನ್ನು ಹಳಿಯುವದರಲ್ಲಿ ಅರ್ಥವಿಲ್ಲ. ನಾವು ತಿಳಿಯದ ಲಿಪಿಯಲ್ಲಿ ನೂರು ಹೆಸರುಗಳನ್ನು ಜೋಡಿಸಿರೆಂದರೆ ನಾವೂ ಹಾಗೆಯೇ ಮಾಡೇವು.

ಅಂಕೆಗಳದು ಬೇರೊಂದು ಕಥೆ. ಕನ್ನಡದ ೬ ಮತ್ತು ೯, ದೇವನಾಗರಿಯ ಒಂದು ಮತ್ತು ಒಂಬತ್ತು, ಅವಸರದ ಕೈಬರಹದಲ್ಲಿ ಒಂದನ್ನೊಂದು ಹೋಲುವವು. ಹೆಸರಿನಲ್ಲಿ ತಪ್ಪಾದರೆ ಮನಸ್ಸಿಗೆ ನೋವು. ತಾರೀಖಿನಲ್ಲಿ ತಪ್ಪಾದರೆ ಬೀಗರು ಮೂರು ದಿನ ತಡವಾಗಿ ಬಂದು ಬರಿದಾದ ಚಪ್ಪರವನ್ನು ನೋಡಿ ಹೋಗುವರು. ಆದರೆ ತಾರೀಖನ್ನು ಪರೀಕ್ಷಿಸಲು ಒಂದು ಸಾಧನವು ಪತ್ರಿಕೆಯಲ್ಲಿಯೇ ಇರುವದು. ಅದು ವಾರ. 1947ನೆಯ ಆಗಸ್ಟ 15 ಶುಕ್ರವಾರವಾಗಿತ್ತು. ಯಾರಾದರೂ ಅದನ್ನು 16 ಎಂದು ಅಚ್ಚು ಹಾಕಿ ಶುಕ್ರವಾರವೆಂದೇ ಬಿಟ್ಟಿದ್ದರೆ, ಪಂಚಾಂಗವನ್ನು ತೆರೆದ ಕೂಡಲೇ ಎರಡರಲ್ಲಿ ಒಂದು ಸುಳ್ಳೆಂದು ತಿಳಿದುಹೋಗುವದು. ಆದ್ದರಿಂದ ವಾರವಿಲ್ಲದ ತಾರೀಖನ್ನು ಛಾಪಖಾನೆಗೆ ಕೊಡಲೇಬಾರದು. ಗಿರಾಕಿಯು ಕೊಡದಿದ್ದರೆ ಛಾಪಖಾನೆಯವರೇ ಕೇಳಿ ಬರೆದುಕೊಳ್ಳತಕ್ಕದ್ದು.

ಈಗ ತಕರಾರಿನ ಮಾತು. ಗಿರಾಕಿಯು ಐದುನೂರು ಲಗ್ನಪತ್ರಿಕೆಗಳನ್ನು ಮನೆಗೆ ಒಯ್ದು, ತಪ್ಪನ್ನು ಕಂಡು, ಸಿಟ್ಟಿನಿಂದ ಮರಳಿ ಬಂದಿದ್ದಾನೆ. ಯಾರ ತಪ್ಪೆಂಬದನ್ನು ಗೊತ್ತುಪಡಿಸಲು ಮೂರು ಕಾಗದಗಳು ಬೇಕು: ಗಿರಾಕಿಯು ಕೊಟ್ಟ ಚೀಟಿ, ಅವನಿಗೆ ತೋರಿಸಿದ ಕರಡಚ್ಚು, ಮತ್ತು ಕೊನೆಯ ಪತ್ರಿಕೆ. ಮೂರನ್ನೂ ಒಂದರ ಪಕ್ಕಕ್ಕೆ ಒಂದಿಟ್ಟು ನೋಡಿದರೆ ಅಕ್ಷರವು ಯಾವ ಕೈಯಲ್ಲಿ ಕೆಟ್ಟಿತೆಂಬದು ಕಾಣುವದು. ಚೀಟಿಯೇ ತಪ್ಪಿದ್ದರೆ ಗಿರಾಕಿಯದು ತಪ್ಪು. ಚೀಟಿಯೂ ಕರಡೂ ಸರಿಯಿದ್ದು ಪತ್ರಿಕೆಯಲ್ಲಿ ಕೆಟ್ಟಿದ್ದರೆ ಛಾಪಖಾನೆಯದು. ಅಲ್ಲಿ ವಾದಕ್ಕೆ ಎಡೆಯೇ ಇಲ್ಲ, ಹೊಸದಾಗಿ ಅಚ್ಚು ಹಾಕಿಕೊಡಲೇಬೇಕು. ಫೋನಿನ ಮೇಲೆ ಬಾಯಿಂದ ಹೇಳಿ ಕೇಳಿದ್ದಾದರೆ ಕಾಗದವೇ ಇಲ್ಲ. 'ನಾನು ಹಾಗೆ ಹೇಳಿದ್ದೆ', 'ನೀವು ಹೀಗೆ ಹೇಳಿದ್ದಿರಿ' ಎಂಬೆರಡು ಮಾತುಗಳು ಸಂಜೆಯವರೆಗೆ ನಡೆಯುವವು. ಇಂಥ ಜಗಳದಲ್ಲಿ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದೆಂಬದೇ ದುಃಖದ ಸಂಗತಿ.

ಕಠಿಣವಾದದ್ದು ನಡುವಿನ ಸಂದರ್ಭ. ಚೀಟಿಯು ಸರಿಯಾಗಿತ್ತು, ಕರಡಿನಲ್ಲಿಯೇ ಅಕ್ಷರ ಕೆಟ್ಟಿತ್ತು, ಆದರೆ ಗಿರಾಕಿಯು ಅದನ್ನು ನೋಡಿ 'ಸರಿಯಾಗಿದೆ' ಎಂದು ಸಹಿ ಮಾಡಿಕೊಟ್ಟಿದ್ದಾನೆ. ಛಾಪಖಾನೆಯವರು ಆ ಸಹಿಯನ್ನು ತೋರಿಸಿ ಕೈತೊಳೆದುಕೊಳ್ಳುವರು. ನಮ್ಮ ಅಭಿಪ್ರಾಯದಲ್ಲಿ ಇದು ಪೂರ್ಣ ನ್ಯಾಯವಲ್ಲ. ಸಹಿಯು ದೊಡ್ಡ ಸಾಕ್ಷಿಯೆಂಬದು ನಿಜ. ಆದರೆ ಸರಿಯಾಗಿದ್ದ ಚೀಟಿಯನ್ನು ಕೆಡಿಸಿದ ಕೈ ಗಿರಾಕಿಯದಲ್ಲ. ಮೇಲಾಗಿ, ಲಗ್ನದ ಗಡಿಬಿಡಿಯಲ್ಲಿರುವ ಒಕ್ಕಲಿಗನೊಬ್ಬನು ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ, ಬಿಸಿಲಿನಲ್ಲಿ ನಿಂತು ನೋಡಿದ ಕರಡಿಗೂ, ದಿನವೆಲ್ಲ ಅದೇ ಕೆಲಸ ಮಾಡುವವನ ಕಣ್ಣಿಗೂ ಅಂತರವುಂಟು. ಗಿರಾಕಿಯು ಹೆಬ್ಬೆಟ್ಟಿನವನಾಗಿದ್ದರೆ ಆ ಸಮ್ಮತಿಗೆ ಎಷ್ಟು ಬೆಲೆ ಕೊಡೋಣ? ಆದುದರಿಂದ ಇಲ್ಲಿ ಹಾನಿಯನ್ನು ಹಂಚಿಕೊಳ್ಳುವದೇ ಯೋಗ್ಯ. ಅದೂ ಸರಿಪಾಲಾಗಿ ಅಲ್ಲ.

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಪತ್ರಿಕೆಯೊಂದಕ್ಕೆ 14 ರೂಪಾಯಿಯಂತೆ 500 ಪತ್ರಿಕೆಗಳಿಗೆ 7,000 ರೂಪಾಯಿ. ಇದರಲ್ಲಿ ಕಾಗದ-ಲಕೋಟೆಗಳಿಗೆ 3,500, ಪ್ಲೇಟು, ಶಾಯಿ ಮತ್ತು ಅಚ್ಚಿನ ಕೂಲಿಗೆ 1,500, ಅಕ್ಷರಜೋಡಣೆಗೆ 500, ಲಾಭವು 1,500. ಎರಡನೆಯ ಸಲ ಅಚ್ಚು ಹಾಕುವಾಗ ಅಕ್ಷರಜೋಡಣೆಯು ಹೊಸದಾಗಿ ಬೇಕಾಗಿಲ್ಲ. ಲಾಭವನ್ನು ಕೇಳುವದು ಯಾವ ಸಂದರ್ಭದಲ್ಲಿಯೂ ಶೋಭಿಸುವದಿಲ್ಲ. ಹೀಗಾಗಿ ನಿಜವಾದ ಖರ್ಚು 5,000. ಗಿರಾಕಿಯದೇ ತಪ್ಪಿದ್ದರೂ ಬುದ್ಧಿವಂತನಾದ ಛಾಪಖಾನೆಯ ಯಜಮಾನನು 7,000 ಕೇಳದೆ 5,000ಕ್ಕೇ ಮಾಡಿಕೊಡುವನು. ಕರಡಿಗೆ ಸಹಿ ಬಿದ್ದ ಸಂದರ್ಭದಲ್ಲಿ ಅಚ್ಚಿನ 1,500ನ್ನು ಛಾಪಖಾನೆಯು ಹೊತ್ತು, ಕಾಗದದ 3,500ನ್ನು ಇಬ್ಬರೂ ಅರ್ಧರ್ಧ ಹೊತ್ತರೆ, ಗಿರಾಕಿಗೆ 1,750, ಛಾಪಖಾನೆಗೆ 3,250 ಬೀಳುವದು. ಇಬ್ಬರಿಗೂ ಸ್ವಲ್ಪ ನೋವಾಗುವದು. ಆದರೆ ಎರಡನೆಯ ಮಗಳ ಲಗ್ನಕ್ಕೂ ಗಿರಾಕಿಯು ಅದೇ ಅಂಗಡಿಯ ಮೆಟ್ಟಿಲು ಹತ್ತುವನು.

ದುಡ್ಡಿನಿಂದ ತೀರದ ತಪ್ಪುಗಳೂ ಇವೆ. ನಮ್ಮ ಭಾಗದ ಪತ್ರಿಕೆಗಳಲ್ಲಿ ಹೆಸರಿನ ಮುಂದೆ ಶ್ರೀ, ಸೌ., ಚಿ., ಚಿ.ಸೌ.ಕಾಂ. ಎಂದು ಹಾಕುವ ವಾಡಿಕೆ. ತೀರಿಕೊಂಡವರಿಗೆ ಕೈ. ಅಥವಾ ದಿ. ಎಂದೂ, ಲಿಂಗಾಯತ ಮನೆಗಳಲ್ಲಿ ಲಿಂ. ಎಂದೂ ಬರೆಯುವರು. ಒಂದೂವರೆ ಅಕ್ಷರದ ಈ ಚಿಹ್ನೆಯು ಬದುಕಿಗೂ ಸಾವಿಗೂ ನಡುವಿನ ಗೆರೆಯಾಗಿದೆ. ನಮ್ಮ ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಮನೆಯ ಪತ್ರಿಕೆಯಲ್ಲಿ, ಪಡಸಾಲೆಯಲ್ಲಿ ಕುಳಿತು ಎಲೆ-ಅಡಿಕೆ ಮೆಲ್ಲುತ್ತಿದ್ದ ಅಜ್ಜನವರ ಹೆಸರಿನ ಮುಂದೆ ಲಿಂ. ಎಂದು ಅಚ್ಚಾಗಿ ಬಂದಿತು. ಛಾಪಖಾನೆಯವರು ಬೇರೊಂದು ಮನೆಯ ಪತ್ರಿಕೆಯ ಮಾದರಿಯನ್ನು ಯಂತ್ರದಲ್ಲಿ ತೆರೆದು ಹೆಸರುಗಳನ್ನು ಮಾತ್ರ ಬದಲಿಸಿದ್ದರು. ಹಿಂದಿನ ಮನೆಯ ಲಿಂ. ಹಾಗೆಯೇ ಉಳಿದಿತ್ತು. ಅಷ್ಟರಲ್ಲಿ ನಾಲ್ವತ್ತರಷ್ಟು ಪತ್ರಿಕೆಗಳು ಹಂಚಿಯಾಗಿದ್ದವು. ಒಂದಿಬ್ಬರು ಬಂಧುಗಳು ಅಳುತ್ತ ಬಂದೂ ಬಿಟ್ಟರು.

ಆ ಛಾಪಖಾನೆಯ ಯಜಮಾನನು ಮಾಡಿದ್ದನ್ನು ನಾವು ಇಲ್ಲಿ ಬರೆಯತಕ್ಕದ್ದು. ಆತನು ಯಾರ ತಪ್ಪೆಂದು ಕೇಳಲಿಲ್ಲ, ಕರಡಿನ ಸಹಿಯನ್ನು ತೆಗೆಯಲಿಲ್ಲ. ಅಂಗಡಿಯ ಕದ ಮುಂದೆ ಮಾಡಿ ತಾನೇ ಆ ಮನೆಗೆ ಹೋಗಿ ಅಜ್ಜನವರ ಪಾದಗಳನ್ನು ಹಿಡಿದುಕೊಂಡು, "ಅಜ್ಜಾರ, ನನ್ನ ಕೈಲೆ ಭಾಳ ದೊಡ್ಡ ತಪ್ಪಾತ್ರಿ" ಎಂದನು. ಮರುದಿನವೇ ಹೊಸ ಪತ್ರಿಕೆಗಳನ್ನು ಅಚ್ಚು ಹಾಕಿಸಿ, ಹಂಚಿದ ಮನೆಗಳ ಯಾದಿಯನ್ನು ಕೇಳಿಕೊಂಡು, ತನ್ನ ಮಗನನ್ನು ಮೋಟಾರುಸೈಕಲ್ಲಿನ ಮೇಲೆ ಕಳಿಸಿ ಹಳೆಯವನ್ನು ಒಂದೊಂದಾಗಿ ಮರಳಿ ತರಿಸಿದನು. ಅಜ್ಜನವರು ಹಾಸ್ಯಪ್ರವೃತ್ತಿಯವರು. "ತಗೋ, ಇನ್ನ ನನ್ನ ದಿನದ ಪತ್ರಿಕೀನೂ ನಿನ್ನ ಹಂತೇಕನ ಮಾಡಸ್ತಾರ, ಅದರಾಗ ಮಾತ್ರ ಮರೀಬ್ಯಾಡ" ಎಂದು ನಕ್ಕು ಚಹಾ ತರಿಸಿದರು. ಎಲ್ಲ ಅಜ್ಜಂದಿರೂ ಹೀಗೆ ನಗುವರೆಂದು ನಂಬಿ ಕೂಡ್ರಬಾರದು. ಆದರೆ ಯಜಮಾನನು ಅಂಗಡಿಯಲ್ಲಿಯೇ ಕುಳಿತು ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದರೆ ಆ ಮನೆಯಲ್ಲಿ ಚಹಾ ಬೇಯುತ್ತಿರಲಿಲ್ಲವೆಂಬದು ಖಂಡಿತ.

ಇದರಿಂದ ತಕರಾರನ್ನು ಎದುರಿಸುವ ಕ್ರಮವೂ ತಿಳಿದುಬರುವದು. ಗಿರಾಕಿಯು ಸಿಟ್ಟಿನಿಂದ ಬಂದಾಗ ಮೊದಲು ಕೇಳಬೇಕಾದದ್ದು 'ವಸ್ತು ಯಾವ ದಿನಕ್ಕೆ ಬೇಕು?' ಎಂಬದು. ಲಗ್ನಕ್ಕೆ ಎಂಟೇ ದಿನಗಳಿದ್ದರೆ ಮೊದಲು ಯಂತ್ರವು ತಿರುಗಬೇಕು. ಹಣದ ಮಾತನ್ನು ಅಕ್ಷತೆ ಬಿದ್ದ ಮೇಲೆ ಆಡಿದರೂ ನಡೆಯುವದು. ಎರಡನೆಯದಾಗಿ, ಅವನು ಹೇಳುವದನ್ನು ಪೂರ್ತಿ ಕೇಳಿ, ತಪ್ಪಾದ ಭಾಗವನ್ನು ಅವನ ಎದುರಿಗೇ ಬರೆದುಕೊಳ್ಳಬೇಕು. ಬರೆಯುವವನ ಮುಂದೆ ಮನುಷ್ಯನು ಸಾವಕಾಶವಾಗಿ ಮಾತನಾಡುವನು. ಇದನ್ನು ನಾವು ಶಾಲೆಯ ಕಚೇರಿಯಲ್ಲಿಯೂ ಅನುಭವಿಸಿದ್ದೇವೆ. ಗಿರಾಕಿಯೂ ಅಷ್ಟೇ: ತಪ್ಪು ಕಂಡ ದಿನವೇ ವಸ್ತುವನ್ನು ತೆಗೆದುಕೊಂಡು ಹೋಗಬೇಕು, ಬಳಸಬಾರದು, ಹಂಚಬಾರದು. ಮುನ್ನೂರು ಪತ್ರಿಕೆಗಳನ್ನು ಹಂಚಿಯಾದ ಮೇಲೆ ಉಳಿದ ಇನ್ನೂರನ್ನು ಹಿಡಿದು ಪೂರ್ಣ ಹಣವನ್ನು ಮರಳಿ ಕೇಳುವವರನ್ನು ನಾವು ಕಂಡಿದ್ದೇವೆ. ಅದು ನ್ಯಾಯವಲ್ಲ.

ತಪ್ಪಾದ ಸ್ಥಳದ ಮೇಲೆ ಸಣ್ಣ ಪಟ್ಟಿಯನ್ನು ಅಂಟಿಸಿ ಕೊಡುವ ಒಂದು ಉಪಾಯವುಂಟು. ಮಂಗಲ ಕಾರ್ಯಾಲಯದ ವಿಳಾಸಕ್ಕೋ ಫೋನ್ ನಂಬರಿಗೋ ಅದು ನಡೆದೀತು. ಮದುಮಕ್ಕಳ ಹೆಸರಿನ ಮೇಲೆ ಪಟ್ಟಿ ಅಂಟಿಸುವದು ನಮಗೆ ಒಪ್ಪಿಗೆಯಿಲ್ಲ. ಅದನ್ನು ಉಗುರಿನಿಂದ ಕಿತ್ತು ಒಳಗೇನಿತ್ತೆಂದು ನೋಡದ ಅತಿಥಿಯು ಇನ್ನೂ ಹುಟ್ಟಿಲ್ಲ.

ಶಿಂಪಿಗರ ಸಂಗತಿಯಲ್ಲಿ ಚೀಟಿಯ ಬದಲು ಅಳತೆಯಿರುವದು. ಅಳತೆಗೆಂದು ಕೊಟ್ಟ ಹಳೆಯ ಝಂಪರು ಮೂರು ವರ್ಷದ ಹಿಂದಿನದಾಗಿದ್ದರೆ ಆ ತಪ್ಪು ಶಿಂಪಿಗನದಲ್ಲ. ಆದರೆ ಅನುಭವಿಯಾದ ಶಿಂಪಿಗನು ಪಕ್ಕದ ಹೊಲಿಗೆಗಳಲ್ಲಿ ಬಟ್ಟೆಯನ್ನು ಮಡಿಚಿ ಬಿಟ್ಟಿರುವನು. ಬಿಗಿಯಾದರೆ ಬಿಚ್ಚಿ ಸಡಿಲಿಸಬಹುದು. ಸಡಿಲಾದದ್ದನ್ನು ಬಿಗಿ ಮಾಡುವದು ಇನ್ನೂ ಸುಲಭ. ಗಿಡ್ಡವಾಗಿ ಕತ್ತರಿಸಿದ್ದಕ್ಕೆ ಮಾತ್ರ ಔಷಧವಿಲ್ಲ. ಪತ್ತಾರನಲ್ಲಿ ಉಂಗುರ ಮಾಡಿಸುವವರು ಅಕ್ಷರವನ್ನು ತಾವೇ ಕಾಗದದ ಮೇಲೆ, ಬೇಕಾದ ಆಕಾರದಲ್ಲಿಯೇ ಬರೆದು ಕೊಡಬೇಕು. ತೂಕ, ಶುದ್ಧತೆ, ಕೂಲಿ ಮೂರನ್ನೂ ಪಾವತಿಯಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಹಾಗೆ ಬರೆಸಿದ್ದರೆ, ಕರಗಿಸುವ ಪ್ರಸಂಗ ಬಂದಾಗ ಜಗಳವು ಕೂಲಿಯೊಂದಕ್ಕೇ ಸೀಮಿತವಾಗುವದು.

ಸೊಲ್ಲಾಪುರದ ಚಾದರ-ಟಾವೆಲುಗಳ ವಿಷಯವನ್ನು ಬಿಟ್ಟರೆ ಈ ಲೇಖನವು ಅಪೂರ್ಣವಾದೀತು. ಸಂಸ್ಥೆಯ ಹೆಸರನ್ನೋ ವಧೂವರರ ಹೆಸರನ್ನೋ ಟಾವೆಲಿನಲ್ಲಿ ತರಿಸುವದಕ್ಕೆ ಎರಡು ದಾರಿಗಳು. ನೇಯ್ದ ಬಟ್ಟೆಯ ಮೇಲೆ ಯಂತ್ರದಿಂದ ಕಸೂತಿ ಹಾಕುವದು ಒಂದು. ನೇಯುವಾಗಲೇ ಹೆಸರನ್ನು ಕೂಡಿಸುವದು ಇನ್ನೊಂದು. ಕಸೂತಿಯ ತಪ್ಪನ್ನು ದಾರ ಬಿಚ್ಚಿ ತೆಗೆಯಬಹುದು, ಸೂಜಿಯ ತೂತುಗಳು ಮಾತ್ರ ಅಲ್ಲಲ್ಲಿ ಕಂಡಾವು. ನೇಯ್ದ ಹೆಸರನ್ನು ಬಿಚ್ಚಬೇಕಾದರೆ ಟಾವೆಲನ್ನೇ ಬಿಚ್ಚಬೇಕು. ನೇಯ್ಗೆಯಲ್ಲಿ ಚಿತ್ತಾರವನ್ನು ತರುವ ಜಾಕಾರ್ಡ್ ಸಾಧನಕ್ಕೆ ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಾಕಾರ್ಡನ ಹೆಸರು ಬಂದಿದೆ. ಅವನು ಅದನ್ನು 1804ರಲ್ಲಿ ಬಳಕೆಗೆ ತಂದನು. ತೂತುಗಳಿರುವ ರಟ್ಟಿನ ಹಾಳೆಗಳ ಒಂದು ಸರಮಾಲೆಯು ಯಾವ ಎಳೆಯು ಮೇಲೇಳಬೇಕೆಂಬದನ್ನು ಮಗ್ಗಕ್ಕೆ ಹೇಳುವದು. ಈಗಿನ ಹೊಸ ಯಂತ್ರಗಳಲ್ಲಿ ರಟ್ಟಿನ ಕೆಲಸವನ್ನು ಗಣಕಯಂತ್ರವು ಮಾಡುವದು. ಯಾವದೇ ಇರಲಿ, ಮೂಲದಲ್ಲಿ ಒಂದು ತೂತು ತಪ್ಪಿದರೆ ಆ ತಪ್ಪು ನೂರು ಟಾವೆಲುಗಳಲ್ಲಿಯೂ ಚಾಚೂ ತಪ್ಪದೆ ಬರುವದು. ಯಂತ್ರದ ನಿಷ್ಠೆಯೇ ಅಂಥದು.

ಆದ್ದರಿಂದ ತಿಳಿದ ಕಾರಖಾನೆಯವರು ಮೊದಲು ಒಂದೇ ಒಂದು ಟಾವೆಲನ್ನು ಮಾದರಿಗಾಗಿ ನೇಯ್ದು ಗಿರಾಕಿಗೆ ತೋರಿಸುವರು. ಗಿರಾಕಿಯು ಅವಸರ ಮಾಡಿ, 'ಮಾದರಿ ಬೇಡ, ಒಮ್ಮೆಲೇ ಕೊಟ್ಟುಬಿಡಿರಿ' ಎಂದರೆ ಆ ಮಾತನ್ನೂ ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಮಾದರಿಯನ್ನು ತೋರಿಸಿ ಮಾರಿದ ಸರಕು ಮಾದರಿಗೆ ಹೊಂದಿಕೊಂಡಿರಲೇಬೇಕೆಂದು ಸರಕು ಮಾರಾಟದ 1930ನೆಯ ಕಾಯದೆಯು ಹೇಳುವದು. ಹೇಳಿದ ವರ್ಣನೆಗೆ ತಕ್ಕಂತೆ ಸರಕು ಇರಬೇಕೆಂಬದೂ ಅದೇ ಕಾಯದೆಯಲ್ಲಿದೆ.

ಕಾಯದೆಯ ಮಾತು ಬಂದುದರಿಂದ ಪಾಲಕರ ತಿಳಿವಳಿಕೆಗಾಗಿ ಇಷ್ಟು ಹೇಳುವೆವು. 1986ರ ಗ್ರಾಹಕ ಸಂರಕ್ಷಣ ಕಾಯದೆಯ ಸ್ಥಾನದಲ್ಲಿ 2019ರ ಹೊಸ ಕಾಯದೆಯು 2020ನೆಯ ಜುಲೈ ತಿಂಗಳಿನಿಂದ ನಡೆಯುತ್ತಿದೆ. ಬಿಲ್ಲು ಕೊಡದಿರುವದು, ಮತ್ತು ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವದು, ಇವು ಅನುಚಿತ ವ್ಯಾಪಾರ ಪದ್ಧತಿಗಳೆಂದು ಅದರಲ್ಲಿ ಎಣಿಸಲ್ಪಟ್ಟಿವೆ. ಆದ್ದರಿಂದ 'ಒಮ್ಮೆ ಮಾರಿದ ಸರಕನ್ನು ಮರಳಿ ತೆಗೆದುಕೊಳ್ಳುವದಿಲ್ಲ' ಎಂಬ ಫಲಕವನ್ನು ತೂಗುಹಾಕಿದ ಮಾತ್ರಕ್ಕೆ ಅಂಗಡಿಕಾರನು ದೋಷದ ಹೊಣೆಯಿಂದ ಪಾರಾಗಲಾರನು. ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು: ಅಂಗಡಿಕಾರನು ಹೇಳಿದಂತೆಯೇ ಮಾಡಿಕೊಟ್ಟಿದ್ದರೆ, ಗಿರಾಕಿಗೆ ಆಮೇಲೆ ಬಣ್ಣವು ಮನಸ್ಸಿಗೆ ಬಾರದಿರುವದು ದೋಷವಲ್ಲ. ಐರೋಪ್ಯ ಒಕ್ಕೂಟದಲ್ಲಿ ಅಂತರ್ಜಾಲದ ಮೂಲಕ ಕೊಂಡ ಸರಕನ್ನು ಕಾರಣ ಹೇಳದೆ 14 ದಿನಗಳೊಳಗೆ ಮರಳಿಸುವ ಹಕ್ಕನ್ನು 2011ರ ನಿರ್ದೇಶವು ಕೊಟ್ಟಿದೆಯಾದರೂ, ಗಿರಾಕಿಯ ಹೇಳಿಕೆಯ ಮೇರೆಗೆ ಅವನಿಗಾಗಿಯೇ ಮಾಡಿದ ವಸ್ತುಗಳನ್ನು ಅದರಿಂದ ಹೊರಗಿಟ್ಟಿದೆ. ಮನಸ್ಸು ಬದಲಾಗುವದು ಬೇರೆ, ಕೆಲಸ ತಪ್ಪುವದು ಬೇರೆ.

ಮಾತಿನಿಂದ ಬಗೆಹರಿಯದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಅದಕ್ಕೂ ಮೀರಿದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ನಿರ್ಬಂಧವಿಲ್ಲ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಆದರೆ ವಸತಿಗೃಹದವರು ತಮ್ಮ ವ್ಯಾಪಾರಕ್ಕಾಗಿ ಸಾವಿರ ಟಾವೆಲುಗಳನ್ನು ಮಾಡಿಸಿದರೆ ಅವರು ಈ ಕಾಯದೆಯ ಅರ್ಥದಲ್ಲಿ ಸಾಮಾನ್ಯವಾಗಿ ಗ್ರಾಹಕರಲ್ಲ. ಅವರ ವ್ಯಾಜ್ಯವು ದಿವಾಣಿ ನ್ಯಾಯಾಲಯದ್ದು. ಆಯೋಗವಾಗಲಿ ನ್ಯಾಯಾಲಯವಾಗಲಿ ಮೊದಲು ಕೇಳುವದು ಮೇಲೆ ಹೇಳಿದ ಮೂರು ಕಾಗದಗಳನ್ನೇ. ಸಂಚಕಾರ ಕೊಟ್ಟ ಪಾವತಿ, ಬಿಲ್ಲು, ವಾಟ್ಸಾಪಿನ ಸಂದೇಶಗಳು, ಇವನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಕೊನೆಯದಾಗಿ ವಿದ್ಯಾರ್ಥಿಗಳ ಕೆಲಸ. ಮನೆಯಲ್ಲಿ ಕನ್ನಡವನ್ನು ಚೆನ್ನಾಗಿ ಓದಬಲ್ಲವರು ಎಷ್ಟೋ ಕಡೆ ಶಾಲೆಗೆ ಹೋಗುವ ಹುಡುಗ-ಹುಡುಗಿಯರೇ. ಅಕ್ಕನ ಪತ್ರಿಕೆಯ ಕರಡು ಬಂದಾಗ ಅದನ್ನು ಅವರ ಕೈಗೆ ಕೊಡಬೇಕೆಂದು ಪಾಲಕರಲ್ಲಿ ನಮ್ಮ ವಿನಂತಿ. ಹೋದ ವರ್ಷ ನಮ್ಮ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಸೋದರಮಾವನ ಪತ್ರಿಕೆಯ ಕರಡಿನಲ್ಲಿ ಏಳು ತಪ್ಪುಗಳನ್ನು ಹಿಡಿದಳು. ಹಿರಿಯರು ಮೂವರು ಅದನ್ನು ಆಗಲೇ ಓದಿ ಸರಿಯೆಂದಿದ್ದರು. ಹಿರಿಯರಿಗೆ ಹೆಸರುಗಳು ಬಾಯಿಪಾಠವಾಗಿರುವದರಿಂದ ಕಣ್ಣು ಅಕ್ಷರವನ್ನು ಓದುವದಿಲ್ಲ, ಮನಸ್ಸು ಹೆಸರನ್ನು ಓದಿಬಿಡುವದು. ಇದಕ್ಕೆ ಉಪಾಯವೆಂದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದುವದು. ಒಬ್ಬರು ಚೀಟಿಯನ್ನು ಹಿಡಿದು ಕಾಗುಣಿತ ಹೇಳಬೇಕು: 'ಚಕಾರಕ್ಕೆ ಎತ್ವ, ನಕಾರಕ್ಕೆ ನ ಒತ್ತು, ಮಕಾರಕ್ಕೆ ಮ ಒತ್ತು' ಎಂದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಡುತ್ತ ಹೋಗಬೇಕು. ಧ, ಭ, ಘ ಮುಂತಾದವು ಬಂದಾಗ 'ಧನುಸ್ಸಿನ ಧ', 'ಭೂಮಿಯ ಭ' ಎಂದು ಬಿಡಿಸಿ ಹೇಳಬೇಕು. ಫೋನಿನ ಮೇಲೆ ಹೆಸರು ಹೇಳುವಾಗಲೂ ಇದೇ ಕ್ರಮ. ಚೀಟಿಯನ್ನು ಕನ್ನಡದಲ್ಲಿಯೇ, ದುಂಡಕ್ಷರದಲ್ಲಿ ಬರೆದು, ಅದರ ಛಾಯಾಚಿತ್ರವನ್ನು ಕಳಿಸತಕ್ಕದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಎಂದೂ ಕಳಿಸಬಾರದು.

ಅಭ್ಯಾಸ

1. ನಿಮ್ಮ ಮನೆಯವರ ಐದು ಹೆಸರುಗಳನ್ನು ದೇವನಾಗರಿಯಲ್ಲಿ ಬರೆದು, ಕನ್ನಡ ಬಲ್ಲ ಗೆಳೆಯನಿಗೆ ಕೊಟ್ಟು, ಆ ಚೀಟಿಯನ್ನಷ್ಟೇ ನೋಡಿ ಕನ್ನಡದಲ್ಲಿ ಬರೆಯಲು ಹೇಳಿರಿ. ಎಷ್ಟು ಹೆಸರುಗಳು ಕೆಡದೆ ಬಂದವು? ಕೆಟ್ಟ ಅಕ್ಷರಗಳನ್ನು ಬೇರೆ ಬರೆಯಿರಿ.

2. ಒಬ್ಬ ಗಿರಾಕಿಯು ಒಂದಕ್ಕೆ 160 ರೂಪಾಯಿಯಂತೆ 50 ಟಾವೆಲುಗಳ ಮೇಲೆ 'ಚೆನ್ನಮ್ಮ' ಎಂಬ ಹೆಸರನ್ನು ನೇಯಿಸಲು ಹೇಳಿದನು. ಚೀಟಿಯು ದೇವನಾಗರಿಯಲ್ಲಿತ್ತು. ಮಾದರಿಯನ್ನು ತೋರಿಸುವೆವೆಂದಾಗ ಅವನು ಬೇಡವೆಂದನು. ಟಾವೆಲುಗಳ ಮೇಲೆ 'ಚೇನ್ನಮ್ಮಾ' ಎಂದು ಬಂದಿತು. ಒಂದು ಟಾವೆಲಿಗೆ ನೂಲು ಮತ್ತು ನೇಯ್ಗೆಯ ಖರ್ಚು 120 ರೂಪಾಯಿ. ತಪ್ಪಾದ ಟಾವೆಲನ್ನು ಸಂತೆಯಲ್ಲಿ ಮಾರಿದರೆ 70 ರೂಪಾಯಿ ಬರುವದು. ಹೊಸ ಟಾವೆಲುಗಳನ್ನು ಲಾಭವಿಲ್ಲದೆ ನೇಯ್ದುಕೊಟ್ಟರೆ ಒಟ್ಟು ಹಾನಿಯೆಷ್ಟು? ಅದರಲ್ಲಿ ಯಾರು ಎಷ್ಟು ಹೊರಬೇಕು? ಮನೆಯಲ್ಲಿ ಇಬ್ಬರು ಗಿರಾಕಿಯ ಪಕ್ಷವನ್ನೂ ಇಬ್ಬರು ಕಾರಖಾನೆಯ ಪಕ್ಷವನ್ನೂ ಹಿಡಿದು ವಾದಿಸಿ, ಒಪ್ಪಿದ ಉತ್ತರವನ್ನು ಕಾರಣಸಹಿತ ಬರೆದು ತರತಕ್ಕದ್ದು.